ಮೂಲೆ ಹರಿದ ಚೀಟಿ

ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳು ನಾನು ಬರೆದ ಚೀಟಿಯನ್ನು ನನ್ನೆದುರೇ ಹರಿದು ಕಿಟಕಿಯಾಚೆ ಎಸೆದಳು. ನಾನೇನು ಮಾಡಿದೆ? ಫುಟ್‌ಪಟ್ಟಿ ಎತ್ತಿಕೊಂಡೆ. (ಬಿ.ಎ. ಓದಿದವರಿಗೂ ಮೊದಲು ನೆನಪಾಗುವುದು ಅದೇ.)

ಶಿಗ್ಗಾಂವಿಯ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಎರಡು ತಿಂಗಳ ಹಿಂದೆ ನಡೆದದ್ದು. ಅಂದಿನ ಪಾಠ ಒಂದು ಸಣ್ಣ ಕತೆ. ಮುದುಕಿಯೊಬ್ಬಳು ಅಕ್ಕಿಆಲೂರು ಸಂತೆಯಲ್ಲಿ ದಾರಿ ತಪ್ಪುತ್ತಾಳೆ. ಮಗ ಹುಡುಕಿ ಕರೆತರುತ್ತಾನೆ. ಯಾವುದು ಮೊದಲು, ಯಾವುದು ನಂತರ ಎಂದು ಮಕ್ಕಳು ಹಿಡಿಯಬೇಕು. ಅದಕ್ಕಾಗಿ ಆರು ಘಟನೆಗಳನ್ನು ಆರು ಚೀಟಿಗಳಲ್ಲಿ ಬರೆದು, ಕಲಸಿ ಕೊಟ್ಟಿದ್ದೆ. ಯುದ್ಧ ನಡೆದಿದೆ, ಕಾಗದ ಸಿಗುವುದಿಲ್ಲ. ಹಳೆಯ ನೋಟ್‌ಬುಕ್ಕಿನ ಹಾಳೆಗಳೇ ಗತಿ. ‘ಮಗ ಮನೆಗೆ ಬಂದ’ ಎಂಬ ಚೀಟಿಯ ಮೂಲೆ ಹರಿದಿತ್ತು.

ನಮ್ಮ ಕಡೆ ಮೂಲೆ ಹರಿದ ಪತ್ರ ಬಂತೆಂದರೆ ಅದು ಸಾವಿನ ಸುದ್ದಿ. ಓದಿದ ಕೂಡಲೇ ಹರಿದು ಎಸೆಯಬೇಕು, ಮನೆಯೊಳಗೆ ಇಡಬಾರದು. ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಹೊಳೆಯಲಿಲ್ಲ, ಅಷ್ಟೆ.

"ಅಕ್ಕಾರ, ಶಾಂತಿ ಆ ಮುದುಕಿಯ ಮಗನ್ನ ಕೊಂದ್ಲರಿ" ಎಂದಳು ಮುಂದಿನ ಸಾಲಿನವಳು. ಎಲ್ಲರೂ ನಕ್ಕರು. ಶಾಂತಿ (ಹೆಸರು, ಗುರುತು ಬದಲಿಸಿದ್ದೇನೆ) ನಗಲಿಲ್ಲ, ಅಳಲೂ ಇಲ್ಲ. ಏಟಿಗೆ ಕೈ ಚಾಚಿ ನಿಂತಳು. ಪಟ್ಟಿ ಕೆಳಗಿಟ್ಟೆ.

ಶಾಲೆ ಬಿಟ್ಟ ಮೇಲೆ ಕೇಳಿದೆ. ಅವಳಪ್ಪ ಸೈನ್ಯ ಸೇರಿ ಎರಡು ವರ್ಷ. ಹತ್ತು ದಿನದ ಹಿಂದೆ ಟಪಾಲಿನವನು ದಾರಿಯಲ್ಲೇ ಅವಳ ಕೈಗೆ ಪತ್ರ ಕೊಟ್ಟನಂತೆ. ಅಪ್ಪನ ಜೊತೆಗಾರ ಬರೆದದ್ದು; ಜ್ವರದಿಂದ ತೀರಿಕೊಂಡರೆಂದು. ಮನೆಯಲ್ಲಿ ಓದಲು ಬರುವುದು ಇವಳೊಬ್ಬಳಿಗೇ. ಓದಿದಳು, ಹರಿದಳು, ಬಾವಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು. ಅವ್ವನಿಗೆ, ಕೆಸರಿನಲ್ಲಿ ಬಿದ್ದೆ ಎಂದಳು.

ಯಾಕೆ ಹೇಳಲಿಲ್ಲ?

"ಬರೂ ಸೋಮವಾರ ಅಕ್ಕನ ಲಗ್ನ ಐತ್ರಿ. ಈಗ ಹೇಳಿದ್ರ ಲಗ್ನ ನಿಲ್ತೈತಿ, ಅವ್ವನ ಕುಂಕುಮಾನೂ ಹೋಗ್ತೈತಿ. ಮೊದಲ ಲಗ್ನ, ಆಮ್ಯಾಲೆ ಪತ್ರ."

ಘಟನೆಗಳ ಕ್ರಮ ಕಲಿಸಲು ನಿಂತವಳು ನಾನು.

ನಾನೂ ಯಾರಿಗೂ ಹೇಳಲಿಲ್ಲ. ತಪ್ಪೆ? ಇರಬಹುದು. ಲಗ್ನಕ್ಕೆ ಕರೆದರು, ಹೋದೆ. ಶಾಂತಿಯ ಅವ್ವ ಕೈತುಂಬ ಹಸಿರು ಬಳೆ ತೊಟ್ಟು ಆರತಿ ಎತ್ತಿದಳು. ಅವರಪ್ಪನಿಗೆ ರಜೆ ಸಿಗಲಿಲ್ಲವೆಂದು ಬಂದವರಿಗೆಲ್ಲ ಹೇಳುತ್ತಿದ್ದಳು. ನನಗೂ ಹೇಳಿದಳು. ಹೌದ್ರಿ ಎಂದೆ.

ಮೂರು ವಾರದ ಮೇಲೆ ಶಾಂತಿ ಬಿಳಿ ಹಾಳೆ ಹಿಡಿದು ನನ್ನ ಮನೆಗೆ ಬಂದಳು. ಹರಿದ ಪತ್ರವನ್ನೇ ಮತ್ತೆ ಬರೆದುಕೊಡಬೇಕಂತೆ. ಟಪಾಲು ಬರಲು ಇಷ್ಟು ದಿನ ಬೇಕೆಂದು ಕಾದಿದ್ದಳು.

"ಅಕ್ಷರ ನಿಮ್ಮದಿರಲಿ ಅಕ್ಕಾರ. ಹಾನಗಲ್ಲಿನ ಬೀಗರು ತಾರೀಖು ನೋಡ್ತಾರ್ರಿ."

ತೀರಿಕೊಂಡದ್ದಕ್ಕೆ ಲಗ್ನದ ಮರುದಿನದ ತಾರೀಖು ಹಾಕಿ ಬರೆದುಕೊಟ್ಟೆ.

ಅದನ್ನು ಓದಿ ಹೇಳಿದಾಗ ಅವಳ ಅವ್ವ ಅಳುವ ಮೊದಲು ಒಂದೇ ಮಾತು ಕೇಳಿದಳಂತೆ: "ಅಕ್ಷತಿ ಬೀಳೂ ಹೊತ್ತಿಗೆ ಅವರು ಇದ್ರಲ್ಲಾ?"

ಇದ್ರು ಎಂದಳಂತೆ ಶಾಂತಿ. ನೀವಾಗಿದ್ದರೆ ಏನೆನ್ನುತ್ತಿದ್ದಿರಿ?