ಎರಡನೇ ಡ್ರಮ್ಮಿನ ಹತ್ತಿರದ ನೆಲ

ಬಸಪ್ಪ, ನಮ್ಮ ಕುದುರೆ ಮೈನಾ ಬಿದ್ದದ್ದು ನೀನು ಕಟ್ಟಿದ ಲಾಳದಿಂದಲ್ಲ. ನಾನು ಹದ ಮಾಡದೆ ಬಿಟ್ಟ ನೆಲದಿಂದ. ಇದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಸವಾರಿ ಶಾಲೆಯ ಸಾಹೇಬರ ಮುಂದೆ ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ. ಆರು ವರ್ಷವಾಯಿತು — ಒಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲ.

ಊರಿನ ಪಂಚಾಯಿತಿಗೆಲ್ಲ ಮೂಗು ತೂರಿಸುವವನು ನಾನು. ಕೆಂಗೇರಿಯಲ್ಲಿ ಯಾರ ಮನೆ ಜಗಳವಾದರೂ 'ನಂಜಪ್ಪನ್ನ ಕರೀರಿ' ಅನ್ನುತ್ತಾರೆ. ಅವರಿಗೇನು ಗೊತ್ತು, ಈ ನ್ಯಾಯ ಹೇಳುವವನ ಹೊಟ್ಟೆಯೊಳಗೆ ಏನಿದೆ ಅಂತ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಮೊದಲಿಂದ ಹೇಳದಿದ್ದರೆ ನಾನು ಮತ್ತೆ ಎಲ್ಲೋ ಜಾರಿಕೊಂಡುಬಿಡುತ್ತೇನೆ. ಆ ಸವಾರಿ ಶಾಲೆಯ ಮೈದಾನ ಒಂದು ಕಾಲಕ್ಕೆ ನಮ್ಮ ರಾಗಿ ಹೊಲ. ಅಪ್ಪ ಮಾರಿದ ನೆಲದ ಮೇಲೇ ನಾನು ಸಂಬಳಕ್ಕೆ ಸೇರಿದೆ — ಕೆಮ್ಮಣ್ಣಿನ ಮೇಲೆ ಮರಳು ಹಾಸುವುದು, ನೀರು ಕೊಡುವುದು, ಕುಂಟೆ ಎಳೆದು ಮಟ್ಟ ಮಾಡುವುದು. ನೀನು ಬಾಗಲಕೋಟೆ ಕಡೆಯಿಂದ ಬಂದು ಕುದುರೆಗಳನ್ನು ನೋಡಿಕೊಳ್ಳುತ್ತಿದ್ದೆ. ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ ನಿನ್ನಪ್ಪನ ಕಸುಬು ನಿನ್ನ ಕೈಯಲ್ಲಿತ್ತು. ಮೈನಾ ನಿನ್ನ ಭುಜದ ಮೇಲೆ ಗದ್ದ ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದಳು. ನನಗೆ ಅದನ್ನು ನೋಡಿದರೆ ನಗು ಬರುತ್ತಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಅವತ್ತು ವರ್ಷಕ್ಕೊಮ್ಮೆ ನಡೆಯುವ ಡ್ರಮ್ಮಿನ ಓಟ. ಮೂರು ಖಾಲಿ ಡ್ರಮ್ಮು ಮೂರು ಮೂಲೆಗೆ. ಕುದುರೆ ಒಂದೊಂದನ್ನೂ ಸುತ್ತಿ ವಾಪಸ್ಸು ಓಡಿ ಬರಬೇಕು, ಯಾರು ಬೇಗವೋ ಅವರು ಗೆದ್ದರು. ಓಡುವುದು ಕಷ್ಟವಲ್ಲ, ಕಷ್ಟವಿರುವುದು ತಿರುವಿನಲ್ಲಿ. ಪೂರ್ತಿ ಮೈಭಾರ ಒಂದು ಕಾಲಿನ ಮೇಲೆ ಬೀಳುತ್ತದೆ. ಅದಕ್ಕೇ ಹಿಂದಿನ ಸಂಜೆಯೇ ನೆಲಕ್ಕೆ ನೀರು ಕುಡಿಸಿ, ಬೆಳಿಗ್ಗೆ ಕುಂಟೆ ಹೊಡೆದು, ಮೇಲಿನದೂ ಕೆಳಗಿನದೂ ಒಂದೇ ಹದ ಮಾಡಬೇಕು. ಐದು ಕುದುರೆ ಓಡಿದ ಮೇಲೆ ಓಟ ನಿಲ್ಲಿಸಿ, ಡ್ರಮ್ಮಿನ ಸುತ್ತ ಚದುರಿದ ಮರಳನ್ನು ಮತ್ತೆ ಎಳೆದು ತುಂಬಬೇಕು. ಇದು ನನ್ನ ಕೆಲಸ, ನನ್ನೊಬ್ಬನ ಕೆಲಸ.

ಹಿಂದಿನ ಸಂಜೆ ನೀರಿನ ಟ್ಯಾಂಕರ್ ಬರಲಿಲ್ಲ. ಬೆಳಿಗ್ಗೆ ಬಂತು, ಅಷ್ಟರಲ್ಲಿ ಶಾಮಿಯಾನದಡಿ ಜನ ಕೂತಾಗಿತ್ತು. 'ಧೂಳು ಏಳದ ಹಾಗೆ ನೋಡ್ಕೊಳಪ್ಪ' ಅಂದರು ಸಾಹೇಬರು. ಪೈಪು ಹಿಡಿದು ಮೇಲೆ ಮೇಲೆ ಚಿಮುಕಿಸಿದೆ. ಬೇಲಿಯ ಪಕ್ಕ ಬಗ್ಗಿ ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿದೆ — ಅಪ್ಪ ಬಿತ್ತನೆಗೆ ಮುಂಚೆ ನೋಡುತ್ತಿದ್ದ ಹಾಗೆ. ಉಂಡೆ ನಿಂತಿತು. ಭೇಷ್, ಹದ ಬಂತು ಅಂದುಕೊಂಡೆ. ರಾಗಿ ಕಾಳಿಗೆ ಆ ಹದ ಸಾಕು. ಕುದುರೆ ಗೊರಸಿಗೆ ಸಾಲದು, ಕೆಳಗಿನ ಒಣನೆಲದ ಮೇಲೆ ಒದ್ದೆ ಮರಳು ಕಂಬಳಿಯ ಹಾಗೆ ಜಾರುತ್ತದೆ — ಇದನ್ನು ಅಷ್ಟು ವರ್ಷ ಆ ಕೆಲಸ ಮಾಡಿದವನು ಮರೆತನೇ? ಮರೆಯಲಿಲ್ಲ ಬಸಪ್ಪ. ನಡೆಯುತ್ತೆ ಬಿಡು ಅಂದುಕೊಂಡೆ.

ಐದು ಕುದುರೆ ಓಡಿದವು. ನಾನು ಕುಂಟೆ ಹಿಡಿದು ಎದ್ದಿದ್ದೆ ಕೂಡ. ಅಷ್ಟರಲ್ಲಿ ನೀನು ಬಂದೆ, ನಾಲ್ಕು ಜನರ ಎದುರಿಗೆ.

"ಯಣ್ಣಾ, ಎರಡನೇ ಡ್ರಮ್ಮಿನ ಹತ್ರ ಉಸುಕ ಎಲ್ಲಾ ಸರದೈತ್ರಿ. ತಳ ಕಾಣಾಕತ್ತೈತಿ. ಮುಂದ ಮೈನಾಂದ ಪಾಳಿ. ಒಮ್ಮಿ ಕುಂಟಿ ಎಳದಬಿಡ್ರಿ."

ನೀನು ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ನಾನು ಎದ್ದದ್ದೇ ಅದಕ್ಕೆ. ಆದರೆ ನೀನು ಹೇಳಿದ ಮೇಲೆ ಹೋದರೆ ನಿನ್ನ ಮಾತು ಕೇಳಿ ಹೋದ ಹಾಗಾಗುತ್ತಲ್ಲ! ಪಕ್ಕದವರು ಯಾರೋ ಕಿಸಕ್ಕೆಂದರು. ನನಗೆ ಸಿಟ್ಟು ನೆತ್ತಿಗೇರಿತು.

"ಹೋಗಯ್ಯ, ಕಂಡಿದೀನಿ. ನಮ್ಮಪ್ಪ ರಾಗಿ ಬೆಳೆದ ನೆಲ ಕಣಯ್ಯ ಇದು, ನಂಗೆ ಪಾಠ ಹೇಳ್ತೀಯಾ? ನೀನು ಕುದುರೆ ಬಾಲ ಬಾಚ್ಕೊಂಡಿರು."

ಅಂದವನು ಕುಂಟೆಯನ್ನು ಬೇಲಿಗೆ ಒರಗಿಸಿ ಕೂತುಬಿಟ್ಟೆ. ಬೇಕೆಂದೇ. ಎಲ್ಲ ಸರಿಯಿದೆ, ಕುದುರೆ ಬಿಡಿ ಅಂತ ಓಟ ನಡೆಸುವವರ ಕಡೆ ಕೈ ಬೀಸಿದೆ.

ಆಮೇಲಿನದು... ಮೈನಾ ಎರಡನೇ ಡ್ರಮ್ಮಿಗೆ ತಿರುಗಿದಳು. ಮುಂಗಾಲು ಹೊರಗೆ ಜಾರಿತು. ಒಣಸೌದೆ ಮುರಿದಂಥ ಸದ್ದು ಶಾಮಿಯಾನದವರೆಗೆ ಕೇಳಿಸಿತು. ಮೇಲಿದ್ದ ಹುಡುಗಿಗೆ ತರಚು ಗಾಯ, ಅಷ್ಟೇ, ದೇವರು ದೊಡ್ಡವನು. ಮೈನಾ ಮಾತ್ರ ಮೂರು ಕಾಲಲ್ಲಿ ಏಳಲು ನೋಡುತ್ತಿದ್ದಳು — ಮತ್ತೆ ಮತ್ತೆ. ನೀನು ಓಡಿಹೋಗಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಈ ಕಾಲು ಕೂಡುವುದಿಲ್ಲ ಅಂತ ಡಾಕ್ಟರು ಕೊನೆಯ ಸೂಜಿ ಕೊಟ್ಟಾಗಲೂ ನೀನು ಏಳಲಿಲ್ಲ.

ಮಧ್ಯಾಹ್ನ ಮೈದಾನದ ಮೂಲೆಯಲ್ಲಿ ಗುಂಡಿ ತೋಡಿಸಿದರು. ಮಣ್ಣು ಮುಚ್ಚುವ ಮುಂಚೆ ಎಲ್ಲರೂ ಊಟಕ್ಕೆ ಹೋದಾಗ ನಾನೊಬ್ಬನೇ ಗುಂಡಿಗಿಳಿದೆ, ಕೈಯಲ್ಲಿ ಇಕ್ಕಳ. ಲಾಳ ಸಡಿಲವಾಗಿರಲಿ ದೇವರೇ ಅಂತ ಬೇಡಿಕೊಂಡೇ ಆ ಗೊರಸು ಹಿಡಿದೆ. ಅಲುಗಾಡಲಿಲ್ಲ. ಒಂದು ಕೂದಲಷ್ಟೂ ಅಲುಗಾಡಲಿಲ್ಲ. ಕಿತ್ತು ತೆಗೆಯುವ ಹೊತ್ತಿಗೆ ಬೆವರಿಳಿದುಹೋಯಿತು. ಇನ್ಯಾರೂ ನೋಡಬಾರದಲ್ಲ — ಲಾಳವನ್ನೂ ಆರು ಮೊಳೆಯನ್ನೂ ಊಟದ ಚೀಲಕ್ಕೆ ಹಾಕಿಕೊಂಡು ಮೇಲೆ ಬಂದೆ.

ಮರುದಿನ ಬೆಳಿಗ್ಗೆ ಸಾಹೇಬರು ನಮ್ಮಿಬ್ಬರನ್ನೂ ಲಾಯದ ಮುಂದೆ ನಿಲ್ಲಿಸಿ ಕೇಳಿದರು. ನಾನು ಅಂದದ್ದು ಇಷ್ಟೇ: "ನೆಲ ಹದವಾಗಿತ್ತು ಸಾರ್. ಲಾಳ ಸಡಿಲ ಇತ್ತೇನೋ."

'ಇತ್ತೇನೋ' ಅಂದೆ, ನೋಡು ನನ್ನ ಜಾಣತನ. ಸುಳ್ಳನ್ನೂ ಪೂರ್ತಿ ಹೇಳುವ ಧೈರ್ಯ ಇರಲಿಲ್ಲ. "ನಾ ಕಟ್ಟಿದ್ದ ಸಡ್ಲ ಆಗಂಗಿಲ್ರಿ," ಅಂದು ನೀನು ನನ್ನ ಕಡೆ ತಿರುಗಿದೆ. ಕುಂಟೆ ಎಳೆಯಲು ನೀನು ಹೇಳಿದ್ದನ್ನು ನಾನಾಗಿಯೇ ಹೇಳುತ್ತೇನೆ ಅಂತ ಕಾದೆಯಾ? ನಾನು ನನ್ನ ಚಪ್ಪಲಿ ನೋಡಿಕೊಂಡು ನಿಂತೆ. ಸಂಜೆಗೆ ನೀನು ಟ್ರಂಕು ಹೊತ್ತು ಹೊರಟೆ.

ಇನ್ನೊಂದಿದೆ. ಚೀಲ ತೊಳೆಯಲು ತೆಗೆದ ನನ್ನ ಹೆಂಡತಿ ಜಯಮ್ಮ ಲಾಳ ನೋಡಿ ಹಿಗ್ಗಿಬಿಟ್ಟಳು. "ಎಷ್ಟ್ ದಿನದಿಂದ ಕೇಳ್ತಿದ್ದೆ, ಅಂತೂ ತಂದ್ರಲ್ಲ! ಮನೆಗೆ ಒಳ್ಳೇದು ಕಣ್ರೀ," ಅಂದು ಅರಿಶಿನ ಹಚ್ಚಿ ಹೊಸಿಲಿಗೆ ಹೊಡೆಸಿದಳು. ಬೇಡ ಅನ್ನಲು ಕಾರಣ ಹೇಳಬೇಕಿತ್ತು. ಹೇಳಲಿಲ್ಲ. ಆರು ವರ್ಷ ಅದನ್ನು ದಾಟಿಕೊಂಡೇ ಕೆಲಸಕ್ಕೆ ಹೋದೆ, ಅದನ್ನು ದಾಟಿಯೇ ಬಂದು ಉಂಡೆ.

ಹೋದ ವಾರ ವಿಜಯನಗರದ ಛತ್ರದಲ್ಲಿ ನಮ್ಮ ಷಡ್ಡಕನ ಮಗನ ಮದುವೆ. ಗಂಡಿನ ಮೆರವಣಿಗೆಗೆ ಬಿಳಿ ಕುದುರೆ ಬಂದಿತ್ತು. ಹಗ್ಗ ಹಿಡಿದವನು ನೀನು. ಛತ್ರದ ಬಾಗಿಲಲ್ಲಿ ನುಣ್ಣನೆ ಗ್ರಾನೈಟು. ನೀನು ನಿಂತುಬಿಟ್ಟೆ. "ಏನ್ ಗುರು, ನಡ್ಸು, ಫೋಟೋದವ್ರು ಕಾಯ್ತಾವ್ರೆ," ಅಂತ ಹುಡುಗರು ಬೊಬ್ಬೆ ಹಾಕಿದರು. "ನೆಲ ಜಾರತೈತ್ರಿ. ಮದುಮಗ ಇಳೀಲಿ," ಅಂದೆ ನೀನು. ಇಳಿಸಿಯೇಬಿಟ್ಟೆ. ಹೆಗಲ ಮೇಲಿದ್ದ ಗೋಣಿಚೀಲ ಹಾಸಿ, ಅದರ ಮೇಲೆ ಕುದುರೆಯನ್ನು ಒಂದೊಂದೇ ಹೆಜ್ಜೆ ತಿರುಗಿಸಿದೆ.

ಆಮೇಲೆ ನೀನು ನನ್ನನ್ನು ಕಂಡೆ. ಬೈಯುತ್ತೀಯ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಯಣ್ಣಾ, ಆರಾಮ?" ಅಂದು ಹತ್ತಿರ ಬಂದೆ. ಬಿನ್ನಿಪೇಟೆಯಲ್ಲಿ ಈ ಮದುವೆ ಕುದುರೆಗಳ ಹತ್ತಿರ ಇದ್ದೇನೆ ಅಂದೆ. ಆಮೇಲೆ ನೀನು ದನಿ ಇಳಿಸಿ ಹೇಳಿದೆ:

"ಲಾಳ ಕಟ್ಟೂದ ಬಿಟ್ಟೇನ್ರಿ. ಮೈನಾನ ಕೊಂದ ಕೈ ಇದು. ನೀವಂದಂಗ ಸಡ್ಲನ ಇತ್ತೇನೋ, ನಾನ ನೋಡಿಲ್ಲ."

ನಾನು ಅಲ್ಲೇ ಹೇಳಬೇಕಿತ್ತು. "ಊಟ ಆಯ್ತಾ?" ಅಂದೆ. ಅಂದು ಒಳಗೆ ಹೋಗಿ ಪಂಕ್ತಿಯಲ್ಲಿ ಕೂತೆ. ಥೂ, ನನ್ನ ಜನ್ಮಕ್ಕೆ...

ನಿನ್ನ ಕೆಲಸ ಕಳೆದೆ, ಅದು ಗೊತ್ತಿತ್ತು. ನಿನ್ನಪ್ಪನ ಕಸುಬನ್ನೇ ನಿನ್ನ ಕೈಯಿಂದ ಕಿತ್ತೆ ಅಂತ, ನನ್ನ ಸುಳ್ಳನ್ನು ನೀನೇ ನಂಬುವ ಹಾಗೆ ಮಾಡಿದೆ ಅಂತ ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಹೊಸಿಲಿನಿಂದ ಲಾಳ ಕಿತ್ತೆ. "ರೀ, ಏನ್ ಮಾಡ್ತಾ ಇದೀರಾ!" ಅಂತ ಜಯಮ್ಮ ಓಡಿ ಬಂದಳು. ಅವಳನ್ನು ಕೂರಿಸಿ ಎಲ್ಲ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಸಾಹೇಬರಿಗೂ ಇದನ್ನೇ ಬರೆದಿದ್ದೇನೆ, ನಾಳೆ ಕೊಡುತ್ತೇನೆ. ಅದಕ್ಕೆ ಮುಂಚೆ ಈ ಕಾಗದ, ಆ ಲಾಳ ಹಿಡಿದು ಬಿನ್ನಿಪೇಟೆಗೆ, ನಿನ್ನ ಹತ್ತಿರ ಬರುತ್ತೇನೆ. ಕ್ಷಮಿಸು ಅಂತ ಕೇಳಲಿಕ್ಕಲ್ಲ, ಆ ಮುಖ ನನಗಿಲ್ಲ.

ಆ ಆರು ಮೊಳೆ ಎಲೆಅಡಿಕೆ ಡಬ್ಬಿಯಲ್ಲಿ ಹಾಗೇ ಇವೆ, ಅವನ್ನೂ ತರುತ್ತೇನೆ. ಎಸೆಯಲು ಎಷ್ಟೋ ಸಲ ಹೋಗಿದ್ದೆ, ಆಗಲಿಲ್ಲ. ನೀನು ಮಡಚಿದ ತುದಿಗಳಲ್ಲಿ ಮೈನಾಳ ಗೊರಸಿನ ಚೂರು ಇನ್ನೂ ಕಚ್ಚಿಕೊಂಡಿದೆ. ಕೈಯಲ್ಲಿ ಹಿಡಿದು ನೋಡು, ಬಸಪ್ಪ. ಎಷ್ಟು ಗಟ್ಟಿ ಕಟ್ಟಿದ್ದೆ ಅಂತ ನಿನಗೇ ಗೊತ್ತಾಗುತ್ತದೆ.