ಒತ್ತಿದರೆ ಬಿಸಿ, ಬಿಟ್ಟರೆ ತಂಪು

ಬಯಾನ್ ಲೆಪಾಸ್ ಎಂಬ ಹೊರದೇಶದ ಊರಿನ ನಮ್ಮ ಲ್ಯಾಬಿನಲ್ಲಿ ಉಡುಪಿಯ ಮೇಡಂ ಒಬ್ಬರಿದ್ದರು. ಗ್ಯಾಸ್ ಇಲ್ಲದ ಎಸಿ ಮಾಡಬೇಕೆಂಬುದು ಅವರ ಹಟ. ಮೇಣದಂಥ ತುಂಡನ್ನು ಯಂತ್ರದಲ್ಲಿ ಅದುಮಿ, ಬಿಸಿ ಆರಿದ ಮೇಲೆ ಒತ್ತಡ ಸಡಿಲಿಸಿದರೆ ಅದು ತಣ್ಣಗಾಗುತ್ತಿತ್ತು. "ಒತ್ತಿದ್ರೆ ಬಿಸಿ, ಬಿಟ್ರೆ ತಂಪು, ಅಷ್ಟೇ ಮಾರಾಯ್ರೆ" ಎನ್ನುತ್ತಾ ಎದುರಿದ್ದವರ ಕೈ ಹಿಡಿದು ತುಂಡಿಗೆ ತಾಗಿಸುತ್ತಿದ್ದರು.

ಬಂಡವಾಳ ಹಾಕುವವರು ಬಂದ ದಿನ ಡೈರೆಕ್ಟರು ಕೋಣೆಯನ್ನು ಎಸಿಯಿಂದ ನಡುಗುವಷ್ಟು ತಂಪು ಮಾಡಿಸಿದ್ದರು.

"ಎಸಿ ಸ್ವಲ್ಪ ಕಡಿಮೆ ಮಾಡಿ ಸರ್, ಕೈಯೇ ತಣ್ಣಗಾದ್ರೆ ತುಂಡಿನ ತಂಪು ಅವ್ರಿಗೆ ಗೊತ್ತಾಗ್ಬೇಕಲ್ಲ" ಎಂದು ಮೇಡಂ ಕೇಳಿಕೊಂಡರೂ ಡೈರೆಕ್ಟರು ಒಪ್ಪಲಿಲ್ಲ. ಹಿರಿಯ ಅತಿಥಿ ತುಂಡನ್ನು ಮುಟ್ಟಿ, "ನಾಟ್ ಸೋ ಕೋಲ್ಡ್ ಲಾ" ಎಂದು ಅಲ್ಲಿನವರ ಧಾಟಿಯಲ್ಲಿ ಹೇಳಿ ಊಟಕ್ಕೆ ನಡೆದ.

ಯೋಜನೆ ನಿಂತಿತು. ಮೇಡಂ ಅದೇ ಕಂಪನಿಯಲ್ಲಿ ಎಸಿಗಳಿಗೆ ಗ್ಯಾಸ್ ತುಂಬುವ ವಿಭಾಗಕ್ಕೆ ಹೋದರು. ಹೇಗಿದೆ ಎಂದು ಕೇಳಿದೆ.

"ಸಂಬಳ ಜಾಸ್ತಿ ಉಂಟು" ಎಂದರು, ನನ್ನತ್ತ ನೋಡದೆ.