ಗಾಳಿ ಹೋಗದ ಬ್ರೇಕು

ಶಿರಹಟ್ಟಿಯ ಮಾಶಾಕ ಮಿಸ್ತ್ರಿಯ ಮನೆತನ ಬೆಟಗೇರಿಯಲ್ಲಿ ತಗಡಿನ ಟ್ರಂಕು ಮಾಡಿಕೊಂಡಿತ್ತು. ಗದಗ ಹೊಸ ಜಿಲ್ಲೆಯಾದ ಮರುವರ್ಷ ಅವನು ಶಿರಹಟ್ಟಿಗೆ ಬಂದು, ಲಕ್ಷ್ಮೇಶ್ವರದ ರಸ್ತೆಯ ಬದಿಗೆ ಬೇವಿನ ಮರದ ಕೆಳಗೆ ಗ್ಯಾರೇಜು ತೆರೆದ. ಯಾರ ಗಾಡಿ ಬರಲಿ, ಮೊದಲು ಚಕ್ರದ ಒಳಮೈಗೆ ಅಂಟಿದ ಎರೆಮಣ್ಣನ್ನು ಕೆರೆದು ತೆಗೆಯುವನು. ಆಮೇಲೆಯೇ ರೋಗವೇನೆಂದು ಕೇಳುವನು. ಅವನ ದೃಷ್ಟಿಯಲ್ಲಿ ಈ ಸೀಮೆಯ ಗಾಡಿಗಳಿಗೆಲ್ಲ ಆ ಮಣ್ಣೇ ಹಗೆ. ಅದು ಹತ್ತಿ ಒಣಗಿತೆಂದರೆ ಸ್ಕ್ರೂ, ಬೋಲ್ಟು, ಎಲ್ಲಕ್ಕೂ ಜಂಗು, ತುಕ್ಕು.

ಅದಾಗಿ ಎಷ್ಟೋ ವರ್ಷಗಳ ಮೇಲೆ ಒಮ್ಮೆ ಬಸ್ಸಿನವರ ಮುಷ್ಕರ ನಡೆದಿತ್ತು. ಮಾಶಾಕನ ಗೆಳೆಯ ಸಕ್ರಪ್ಪ ಹತ್ತಿರದ ಹಳ್ಳಿಯ ರೈತ. ಅವನ ಹೆಂಡತಿ ಕಳಕವ್ವನ ಎರಡೂ ಕಿಡ್ನಿ ಕೆಟ್ಟಿದ್ದವು. ಗದಗಿಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬಂದರೇ ಅವಳಿಗೆ ಉಸಿರು. ಅವಳಿಗಾಗಿಯೇ ಸಕ್ರಪ್ಪ ಹಳೆಯ ಕಾರೊಂದನ್ನು ಇಟ್ಟುಕೊಂಡಿದ್ದ. ಅದರ ಹಿಂದಿನ ಬ್ರೇಕ್ ಡ್ರಮ್ಮು ಸೀಳಿ, ಆಸ್ಪತ್ರೆಯ ಒಂದು ಸರದಿ ಆಗಲೇ ತಪ್ಪಿಹೋಗಿತ್ತು. ಇನ್ನೊಂದು ಸರದಿ ಅಂದು ಸಂಜೆ. ಅದೂ ತಪ್ಪಿದರೆ ಮುಂದೇನೆಂಬುದು ಅವಳ ಊದಿದ ಮುಖವನ್ನು ನೋಡಿದವರಿಗೆಲ್ಲ ತಿಳಿಯುತ್ತಿತ್ತು.

ಆ ಕಾರಿಗೆ ಹೊಸ ಡ್ರಮ್ಮು ಗದಗಿನಲ್ಲೂ ಇಲ್ಲ, ಹುಬ್ಬಳ್ಳಿಯಲ್ಲೂ ಇಲ್ಲ. ಗುಜರಿಯಲ್ಲಿ ಸಿಕ್ಕಿದ್ದು ಇನ್ನೊಂದು ಗಾಡಿಯ ಡಿಸ್ಕುಗಳು ಮತ್ತು ಆ ಉಕ್ಕಿನ ತಟ್ಟೆಗಳನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಕ್ಯಾಲಿಪರುಗಳು. ಮಾಶಾಕ ಲೇತಿನವನಿಂದ ಕ್ಯಾಲಿಪರು ಕೂಡಿಸಲು ಪಟ್ಟಿ ಕೊರೆಯಿಸಿ, ಡ್ರಮ್ಮು ಕಿತ್ತು, ಡಿಸ್ಕು ಕೂಡಿಸಿದ. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಬ್ರೇಕ್ ಆಯಿಲಿನ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸವೊಂದೇ. ಗಾಳಿ ಉಳಿದರೆ ಬ್ರೇಕು ಹಿಡಿಯದು.

"ಒತ್ತು. ಹಿಡಿ. ಬಿಡು," ಎಂದು ಅವನು ಕಾರಿನ ಅಡಿಯಿಂದ ಕೂಗುವನು. ಸಕ್ರಪ್ಪ ಒಳಗೆ ಕುಳಿತು ಒತ್ತುವನು, ಹಿಡಿಯುವನು, ಬಿಡುವನು. ಗಾಳಿ ಬಿಡಲೆಂದು ಕ್ಯಾಲಿಪರಿಗಿರುವ ಪುಟ್ಟ ನಿಪ್ಪಲ್ಲಿನಿಂದ ಬ್ರೇಕ್ ಆಯಿಲ್ ಬಟ್ಟಲಿಗೆ ಸೋರುವುದು. ಒಂದು ಗುಳ್ಳೆಯೂ ಬರಲಿಲ್ಲ. ಗಾಳಿ ಮುಗಿಯಿತೆಂದು ನೋಡಿದರೆ ಪೆಡಲ್ಲು ಹಾಗೆಯೇ ಮೆತ್ತಗೆ ನೆಲಕ್ಕಿಳಿಯುತ್ತಿತ್ತು.

"ಲೇ ಮಾಶಾಕ, ಇದು ಬ್ರೇಕೋ, ಹತ್ತಿ ಗಾದಿಯೋ?"

"ಸುಮ್ನ ಒತ್ತಲೇ. ಹೊಲದಾಗ ಎತ್ತಿಗೆ ಬೈದಂಗ ನನಗ ಬೈಬ್ಯಾಡ."

ಕಳಕವ್ವ ಮರದ ಕೆಳಗೆ ಹೊರಸಿನ ಮೇಲೆ ಎರಡು ದಿಂಬಿಗೆ ಒರಗಿ ಕುಳಿತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮಾಶಾಕನ ಹೆಂಡತಿ ನಜಮಾ ಅವಳ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು, ನೀರು ಕುಡಿಸುವಂತಿರಲಿಲ್ಲ.

"ಮಾಶಾಕಣ್ಣ," ಎಂದಳು ಕಳಕವ್ವ, ಎರಡು ಶಬ್ದಕ್ಕೊಮ್ಮೆ ಉಸಿರೆಳೆದು, "ನನ್ನ ಮೈಯಾಗಿನ ನೀರು ಹೊರಗ ಹೋಗವಲ್ದು. ನಿನ್ನ ಗಾಡ್ಯಾಗಿನ ಗಾಳಿ ಹೋಗವಲ್ದು. ಇಬ್ಬರಿಗೂ ಒಂದ ಡಾಕ್ಟರ್ ನೋಡೋಣೇನು?"

ನಜಮಾ ಕಾರಿನ ಬಳಿ ಬಂದು ತಗ್ಗಿದ ದನಿಯಲ್ಲಿ, "ಏನ್ರಿ, ಅಕ್ಕನ ಉಗುರು ನೀಲಿ ಆಗ್ಯಾವು. ಜಲ್ದಿ ಮಾಡ್ರಿ," ಎಂದಳು. ಬಾಡಿಗೆ ಗಾಡಿಗಳೆಲ್ಲ ಮುಷ್ಕರದಿಂದಾಗಿ ಎಲ್ಲೆಲ್ಲೋ ಹೋಗಿದ್ದವು. ಆಂಬುಲೆನ್ಸು ಮುಂಡರಗಿಯ ಕಡೆ ಅಪಘಾತವೊಂದಕ್ಕೆ ಹೋಗಿತ್ತು. ತಿರುಗಿ ಬರುವ ಹೊತ್ತನ್ನು ಅವರೂ ಹೇಳಲಾರರು.

ಮಾಶಾಕ ಪೈಪಿನ ಗಂಟುಗಳನ್ನು ಬಿಚ್ಚಿ ಮತ್ತೆ ಬಿಗಿದ. ಸೋರಿಕೆ ಇಲ್ಲ. ಹೊಸ ಆಯಿಲ್ ಹಾಕಿದ. ಪೆಡಲ್ಲು ಮತ್ತೂ ಇಳಿಯಿತು. ಬೆವರು ಕಣ್ಣಿಗಿಳಿದು ಉರಿಯಿತು. ಹಳೆಯದನ್ನೇ ತಿರುಗಿ ಜೋಡಿಸೋಣವೆಂದರೆ ಸೀಳಿದ ಡ್ರಮ್ಮು ಅಲ್ಲೇ ಬಿದ್ದಿತ್ತು. ಇಷ್ಟು ವರ್ಷ ತನ್ನ ಕೈ ಹಿಡಿದ ವಿದ್ಯೆ ಇವತ್ತೇ, ಈಕೆಯ ಮುಂದೆಯೇ ಕೈಬಿಟ್ಟಿತಲ್ಲ ಎಂದುಕೊಂಡ.

"ಸಕ್ರಪ್ಪಾ, ಇದು ನನ್ನ ಕೈಲೆ ಆಗವಲ್ದೋ," ಎಂದ ಕೊನೆಗೆ. "ಹಿಂದಿನ ಪೈಪು ಮುಚ್ಚಿ ಬಿಡ್ತೀನಿ. ಮುಂದಿನ ಬ್ರೇಕಿನ ಮ್ಯಾಲೇ ಹೋಗು."

"ಮುಂಜಾನಿ ಮಳಿ ಬಂದು ರಸ್ತೆ ಹಸಿ ಐತಿ. ಗಾಡಿ ಜಾರಿದ್ರ?"

ಪೈಪು ಮುಚ್ಚಲೆಂದು ಮಾಶಾಕ ಹಿಂಚಕ್ರದ ಬಳಿ ಕುಳಿತ. ಎಡಗಡೆಯ ಕ್ಯಾಲಿಪರನ್ನು ಬಿಚ್ಚಿದ. ಒಳಗಿನ ಪಿಸ್ಟನ್ ಜಾರಿ ಬೀಳದಂತೆ ನಡುವೆ ಕಟ್ಟಿಗೆಯ ಚೂರು ಸಿಕ್ಕಿಸಿ, ಪೈಪು ಇನ್ನೂ ಅಂಟಿಕೊಂಡಿದ್ದ ಆ ಕಬ್ಬಿಣವನ್ನು ಮಗುವಿನಂತೆ ಮಡಿಲಿಗೆ ತಿರುವಿಕೊಂಡ. ನಿಪ್ಪಲ್ಲು ಸಡಿಲವೇ ಉಳಿದಿತ್ತು. ಬಿಚ್ಚಿದ್ದು ತಿಳಿಯದ ಸಕ್ರಪ್ಪ ರೂಢಿಯಂತೆ ಪೆಡಲ್ಲು ಒತ್ತಿದ.

ಬುಸ್ಸೆಂದು ನೊರೆ ಎದ್ದು ಮಾಶಾಕನ ಗಡ್ಡಕ್ಕೆಲ್ಲ ಸಿಡಿಯಿತು. ಗುಳ್ಳೆ, ಗುಳ್ಳೆ, ಬರೀ ಗುಳ್ಳೆ.

ಅವನು ಮಡಿಲಿನ ಕಬ್ಬಿಣವನ್ನೇ ನೋಡುತ್ತ ಕುಳಿತ. ನಿಪ್ಪಲ್ಲು ಈಗ ಮೇಲ್ಮುಖವಾಗಿತ್ತು. ಜೋಡಿಸುವಾಗ ಮೇಲೆ ಎರೆಮಣ್ಣು ಕೂತು ಜಂಗು ಹಿಡಿದೀತೆಂದು ಅವನೇ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ, ನಿಪ್ಪಲ್ಲನ್ನು ನೆಲದ ಕಡೆಗೆ ಇಟ್ಟಿದ್ದ. ಕೆಳಗಿನ ತೂತಿನಿಂದ ಆಯಿಲ್ ಅಷ್ಟೇ ಹೋಗುತ್ತಿತ್ತು. ಗಾಳಿ ಮೇಲೆ ಹಾಯಾಗಿ ಕುಳಿತಿತ್ತು.

"ಒತ್ತಲೇ ಸಕ್ರಪ್ಪಾ, ಒತ್ತು!" ಎಂದು ಅವನು ಕಿರುಚಿದ ದನಿಗೆ ನಜಮಾ ಬೆಚ್ಚಿ ಎದ್ದು ನಿಂತಳು.

ಅದಲುಬದಲು ಮಾಡಿ ಕೂಡಿಸಲು ಹೊತ್ತಿರಲಿಲ್ಲ. ಎಡದ್ದರ ಗಾಳಿಯನ್ನು ನಿಪ್ಪಲ್ಲು ಮೇಲಾಗುವಂತೆ ಕೈಯಲ್ಲಿ ಹಿಡಿದೇ ತೆಗೆದ, ಬಲದ್ದನ್ನೂ ಬಿಚ್ಚಿ ಹಾಗೆಯೇ ತೆಗೆದ, ಎರಡನ್ನೂ ಇದ್ದಲ್ಲೇ ಬಿಗಿದ. ಪೆಡಲ್ಲು ಅರ್ಧಕ್ಕೆ ಬಂದು ಕಲ್ಲಿನಂತೆ ನಿಂತಿತು. ಗಾಡಿಯನ್ನು ರಸ್ತೆಗೆ ತಂದು, ಓಡಿಸಿ, ನಿಲ್ಲಿಸಿ ನೋಡಿದ. ಆದರೂ ಅವನಿಗೆ ಧೈರ್ಯ ಸಾಲಲಿಲ್ಲ. ಕಳಕವ್ವನನ್ನು ನಜಮಾಳಿಗೆ ಒರಗಿಸಿ ಹಿಂದೆ ಕೂಡಿಸಿ, ತಾನು ಸಕ್ರಪ್ಪನ ಪಕ್ಕಕ್ಕೆ ಹತ್ತಿದ.

ದಾರಿಯುದ್ದಕ್ಕೂ ಹಿಂದಿನಿಂದ ಕಳಕವ್ವನ ಉಸಿರು ಗೊರಗೊರ ಕೇಳಿಸುತ್ತಿತ್ತು. ಒಮ್ಮೆ ಅದೂ ನಿಂತಂತಾಗಿ, "ಅಕ್ಕಾ, ಅಕ್ಕಾ," ಎಂದು ನಜಮಾ ಕೂಗಿದಳು. ಸಕ್ರಪ್ಪ ತಿರುಗಿ ನೋಡಿದ. ಅದೇ ಗಳಿಗೆಗೆ ಎಮ್ಮೆಯೊಂದು ಅಡ್ಡ ಬಂತು. ಸಕ್ರಪ್ಪ ಬ್ರೇಕು ತುಳಿದ. ಒದ್ದೆ ರಸ್ತೆಯಲ್ಲಿ ಕಾರು ಒಂದಿಷ್ಟೂ ಅಡ್ಡ ಹೊರಳದೆ ನಿಂತಿತು. ಆ ಕುಲುಕಿಗೆ ಕಳಕವ್ವ ಕಣ್ಣು ತೆರೆದು, "ಬಂತೇನು ಗದಗ?" ಎಂದಳು.

ಗದಗ ಬಂದಾಗ ಬೀದಿ ದೀಪ ಹತ್ತಿದ್ದವು. ಆಸ್ಪತ್ರೆಯವರು ಅವಳನ್ನು ಗಾಲಿ ಕುರ್ಚಿಯಲ್ಲಿ ಒಳಗೆ ಕರೆದೊಯ್ದರು. ನಜಮಾ ಜೊತೆಗೆ ಹೋದಳು. ಯಂತ್ರಕ್ಕೆ ಹಚ್ಚಿದ್ದಾರೆಂದು ಅವಳು ಬಾಗಿಲಿಗೆ ಬಂದು ಹೇಳುವವರೆಗೂ ಸಕ್ರಪ್ಪ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಆಮೇಲೆ ಕಾರಿನ ಹತ್ತಿರ ಬಂದ. ಮಾಶಾಕ ಇನ್ನೂ ಪಕ್ಕದ ಸೀಟಿನಿಂದ ಇಳಿದಿರಲಿಲ್ಲ. ಬಲಗಾಲನ್ನು ಮುಂದಕ್ಕೆ ಚಾಚಿ, ಪೆಡಲ್ಲೇ ಇಲ್ಲದ ಜಾಗದಲ್ಲಿ ತಗಡನ್ನು ಬಲವಾಗಿ ಒತ್ತಿ ಹಿಡಿದಿದ್ದ.

"ಕಾಲು ತಗಿಯೋ," ಎಂದ ಸಕ್ರಪ್ಪ. "ಗಾಡಿ ನಿಂತೈತಿ."